ಔಷಧ ಕೊಡುವ ಕೈಗೆ ಔಷಧದ ಅರಿವು

ವೈದ್ಯರು ಬರೆದುಕೊಟ್ಟದ್ದನ್ನು ಶುಶ್ರೂಷಕಿಯು ರೋಗಿಗೆ ಕೊಟ್ಟರಾಯಿತು, ಔಷಧದ ಒಳಗುಟ್ಟು ಆಕೆಗೇತಕ್ಕೆ ಎಂಬ ಮಾತು ನಮ್ಮ ಬೀದರ್ ಸೀಮೆಯಲ್ಲಿ ಇಂದಿಗೂ ಕೇಳಿಬರುತ್ತದೆ. ಮಗಳನ್ನು ನರ್ಸಿಂಗ್ ಓದಿಗೆ ಕಳುಹಿಸುವ ತಂದೆತಾಯಿಗಳು ಹಾಗೆ ಭಾವಿಸುತ್ತಾರೆ; ಆಕೆಗೆ ಪಾಠ ಹೇಳುವವರಲ್ಲಿಯೂ ಕೆಲವರು ಹಾಗೆಯೇ ನಡೆದುಕೊಳ್ಳುತ್ತಾರೆ. ಸೂಜಿ ಮಾಡಲು ಬಂದರೆ ಸಾಕು, ಗುಳಿಗೆಗಳ ಹೆಸರು ಪರೀಕ್ಷೆಯ ಮಟ್ಟಿಗೆ ಬಾಯಿಗೆ ಬಂದರೆ ಸಾಕು ಎಂಬುದು ಅದರ ತಾತ್ಪರ್ಯ. ಈ ಅಭಿಪ್ರಾಯವು ಜೀವಕ್ಕೆ ಅಪಾಯ ತರುವಂಥದು ಎಂಬುದು ನನ್ನ ನಿಲುವು.

ಒಂದು ಔಷಧವು ಕಾರ್ಖಾನೆಯಿಂದ ಹೊರಟು ರೋಗಿಯ ಮೈ ಸೇರುವವರೆಗೆ ಹಲವರ ಕೈ ದಾಟುತ್ತದೆ. ವೈದ್ಯರ ಚೀಟಿಯಲ್ಲಿ ಏನಾದರೂ ಹೆಚ್ಚುಕಡಿಮೆಯಾಗಿದ್ದರೆ ಔಷಧ ವಿತರಿಸುವವರು ಅದನ್ನು ಗುರುತಿಸಬಹುದು. ವಿತರಿಸುವವರು ಒಂದರ ಬದಲಿಗೆ ಇನ್ನೊಂದನ್ನು ಕೊಟ್ಟರೆ ಶುಶ್ರೂಷಕಿಯು ಗುರುತಿಸಬಹುದು. ಆದರೆ ಶುಶ್ರೂಷಕಿಯ ಕೈಯಿಂದ ಹೊರಟ ಮೇಲೆ ಗುರುತಿಸುವವರು ಯಾರೂ ಉಳಿದಿರುವುದಿಲ್ಲ. ಬಾಯಿಗೆ ಹಾಕಿದ ಗುಳಿಗೆಯನ್ನು ಉಗುಳಿಸಬಹುದೇನೋ. ರಕ್ತನಾಳಕ್ಕೆ ಸೇರಿಸಿದ ಔಷಧವನ್ನು ಹಿಂದಕ್ಕೆ ತೆಗೆಯಲಾಗದು. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಔಷಧದಿಂದಾಗುವ ಹಾನಿಯನ್ನು ತಡೆಯುವುದಕ್ಕೆಂದೇ ಒಂದು ಜಾಗತಿಕ ಅಭಿಯಾನವನ್ನು ಆರಂಭಿಸಿತು. ಔಷಧ ನೀಡಿಕೆಯಲ್ಲಿ ಆಗುವ ಲೋಪಗಳಿಗಾಗಿ ಜಗತ್ತು ವರ್ಷಕ್ಕೆ 4,200 ಕೋಟಿ ಡಾಲರ್ ತೆರುತ್ತಿದೆಯೆಂದು ಆಗ ಅದು ಅಂದಾಜು ಮಾಡಿತ್ತು.

ಬೀದರ್ ತಾಲೂಕಿನ ಬಗದಲ್, ಅತ್ತ ಭಾಲ್ಕಿ, ಔರಾದ್ ಕಡೆಯ ಹಳ್ಳಿಗಳಲ್ಲಿ ಜನರು ಕಾಯಿಲೆಯ ಮಾತನ್ನು ಮೊದಲು ಯಾರ ಮುಂದೆ ಆಡುತ್ತಾರೆ? ಆಶಾ ಕಾರ್ಯಕರ್ತೆಯ ಮುಂದೆ, ಅನಂತರ ಉಪಕೇಂದ್ರದ ನರ್ಸಬಾಯಿಯ ಮುಂದೆ. ವೈದ್ಯರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿರುತ್ತಾರೆ. ಅಲ್ಲಿಗೆ ಹೋಗಲು ಬಸ್ಸು ಬರಬೇಕು, ಮನೆಯಲ್ಲಿ ಒಬ್ಬರು ಕೂಲಿ ಬಿಡಬೇಕು. ಉಪಕೇಂದ್ರದ ಫಲಕದ ಮೇಲೆ 2023ರಿಂದೀಚೆಗೆ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಹೆಸರು ಬಂದಿದೆ, ಸಮುದಾಯ ಆರೋಗ್ಯ ಅಧಿಕಾರಿಗಳೆಂಬ ಹೊಸ ಹುದ್ದೆಯವರೂ ಬಂದಿದ್ದಾರೆ. ಒಳಗೆ ಕುಳಿತು ರಕ್ತದೊತ್ತಡ ಅಳೆಯುವವರು, ಗರ್ಭಿಣಿಗೆ ಕಬ್ಬಿಣದ ಗುಳಿಗೆ ಎಣಿಸಿಕೊಡುವವರು, ಕೂಸಿನ ಜ್ವರಕ್ಕೆ ಔಷಧ ಅಳೆದುಕೊಡುವವರು ಮಾತ್ರ ಮೊದಲಿನಂತೆ ನರ್ಸಿಂಗ್ ಓದಿದವರೇ.

ಈ ಓದಿನ ಏರ್ಪಾಡನ್ನು ಸ್ವಲ್ಪ ನೋಡಬೇಕು. ಸಹಾಯಕ ಶುಶ್ರೂಷಕಿ ಹಾಗೂ ಪ್ರಸೂತಿಸಹಾಯಕಿಯ ಎ.ಎನ್.ಎಂ. ಕೋರ್ಸು ಎರಡು ವರ್ಷದ್ದು, ಜಿ.ಎನ್.ಎಂ. ಮೂರು ವರ್ಷದ್ದು, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ್ದು. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಪರಿಷ್ಕರಿಸಿದ ಬಿ.ಎಸ್ಸಿ. ಪಠ್ಯಕ್ರಮದಲ್ಲಿ ಔಷಧಶಾಸ್ತ್ರಕ್ಕೆ ಎರಡು ಸೆಮಿಸ್ಟರುಗಳಲ್ಲಿ ಸ್ಥಾನವಿದೆ. ಎ.ಎನ್.ಎಂ. ಓದಿನಲ್ಲಾದರೋ ಅದು ಪ್ರತ್ಯೇಕ ವಿಷಯವೇ ಅಲ್ಲ. ಪ್ರಾಥಮಿಕ ಆರೋಗ್ಯ ಶುಶ್ರೂಷೆಯ ಪಾಠಗಳೊಳಗೆ ಒಂದು ಭಾಗವಾಗಿ ಬಂದುಹೋಗುತ್ತದೆ. ವೈದ್ಯರ ಪಕ್ಕದಲ್ಲೇ ನಿಂತು ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಹೆಚ್ಚು ಪಾಠ. ವೈದ್ಯರಿಂದ ಬಹುದೂರ ಒಂಟಿಯಾಗಿ ಹಳ್ಳಿಯಲ್ಲಿ ದುಡಿಯುವವಳಿಗೆ ಕಡಿಮೆ ಪಾಠ. ಇದರ ಹಿಂದಿನ ತರ್ಕವು ನನಗಂತೂ ತಿಳಿದಿಲ್ಲ.

ನಮ್ಮ ಜಿಲ್ಲೆಗೆ ಇನ್ನೊಂದು ವಿಶೇಷವುಂಟು. ನಾವು ಮೂರು ರಾಜ್ಯಗಳು ಕೂಡುವಲ್ಲಿ ಇದ್ದೇವೆ. ಬಗದಲ್ ಕಡೆಯವರು ಬೀದರಿಗೆ ಹೋದಷ್ಟೇ ಸಲೀಸಾಗಿ ಜಹೀರಾಬಾದಿಗೂ ಹೈದರಾಬಾದಿಗೂ ಹೋಗುತ್ತಾರೆ. ಭಾಲ್ಕಿ, ಔರಾದ್ ಕಡೆಯವರಿಗೆ ಉದಗೀರ, ಲಾತೂರು ಹತ್ತಿರ. ಒಬ್ಬರೇ ಹಿರಿಯರು ಶುಗರಿಗೆ ಹೈದರಾಬಾದಿನ ವೈದ್ಯರನ್ನೂ ಮೊಣಕಾಲು ನೋವಿಗೆ ಉದಗೀರದ ವೈದ್ಯರನ್ನೂ ಜ್ವರ ಬಂದಾಗ ಊರಿನ ದವಾಖಾನೆಯನ್ನೂ ಕಾಣುತ್ತಾರೆ. ಮೂರು ಚೀಟಿ, ಮೂರು ಕಂಪನಿಯ ಮೂರು ಹೆಸರು. ಗುಳಿಗೆಯ ಹಾಳೆಯ ಮೇಲೆ ದೊಡ್ಡದಾಗಿ ಕಾಣುವುದು ಕಂಪನಿಯಿಟ್ಟ ಹೆಸರು. ಅದರ ಸಮೀಪದಲ್ಲೇ ಔಷಧದ ಮೂಲ ಹೆಸರಿರುತ್ತದೆ. ಎರಡು ಬೇರೆ ಹೆಸರಿನ ಹಾಳೆಗಳಲ್ಲಿ ಒಂದೇ ಗ್ಲಿಮೆಪಿರೈಡ್ ಇರಬಹುದು, ಎರಡನ್ನೂ ಅಜ್ಜ ನಿಷ್ಠೆಯಿಂದ ಬೆಳಿಗ್ಗೆ ನುಂಗುತ್ತಿರಬಹುದು. ನೋವಿನ ಗುಳಿಗೆಗಳ ವಿಷಯದಲ್ಲಿಯೂ ಹೀಗೆಯೇ: ಎರಡು ಕಡೆಯಿಂದ ಬಂದ ಡೈಕ್ಲೋಫಿನಾಕ್ ಒಂದೇ ಹೊಟ್ಟೆಯನ್ನು ಸೇರಿ ಮೂತ್ರಪಿಂಡಗಳಿಗೆ ಎರಡರಷ್ಟು ಭಾರವಾಗುತ್ತದೆ. ಇದನ್ನು ಕಂಡುಹಿಡಿಯಲು ದೊಡ್ಡ ಯಂತ್ರ ಬೇಡ. ಮೂಲ ಹೆಸರನ್ನು ಓದಬಲ್ಲ, ಆ ಹೆಸರು ಯಾವ ಕುಟುಂಬಕ್ಕೆ ಸೇರಿದ್ದೆಂದು ಹೇಳಬಲ್ಲ ಒಬ್ಬ ಶುಶ್ರೂಷಕಿ ಬೇಕು. ಅಷ್ಟೇ.

ವೈದ್ಯರು ಔಷಧಗಳನ್ನು ಮೂಲ ಹೆಸರಿನಲ್ಲಿ, ಓದಲು ಬರುವಂತೆ, ಸಾಧ್ಯವಾದಷ್ಟೂ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿಯು 2016ರಲ್ಲಿ ನಿಯಮ ಮಾಡಿತು. ನಮ್ಮ ಮನೆಯ ಚೀಟಿಗಳನ್ನು ತೆಗೆದು ನೋಡಿದರೆ ಆ ನಿಯಮದ ಗತಿ ಏನಾಗಿದೆಯೆಂದು ತಿಳಿಯುತ್ತದೆ. ಆ ಬರಹ ಸುಧಾರಿಸುವವರೆಗೆ ಶುಶ್ರೂಷಕಿ ಕಾಯುವಂತಿಲ್ಲ.

ಔಷಧಶಾಸ್ತ್ರವೆಂದರೆ ಇಂಗ್ಲಿಷಿನ ಉದ್ದುದ್ದ ಹೆಸರುಗಳ ಪಟ್ಟಿಯೆಂದು ವಿದ್ಯಾರ್ಥಿನಿಯರು ಹೆದರುತ್ತಾರೆ. ಹೆಸರುಗಳು ಆಮೇಲೆ ಬರಲಿ. ಮೊದಲು ತಿಳಿಯಬೇಕಾದದ್ದು ಔಷಧವು ಮೈಯೊಳಗೆ ಮಾಡುವ ಪ್ರಯಾಣ. ಅದು ಎಲ್ಲಿಂದ ರಕ್ತಕ್ಕೆ ಹೀರಲ್ಪಡುತ್ತದೆ, ಎಲ್ಲೆಲ್ಲಿ ಹಂಚಿಕೆಯಾಗುತ್ತದೆ, ಯಾವ ಅಂಗ ಅದನ್ನು ಒಡೆದು ಬೇರೆಯಾಗಿಸುತ್ತದೆ, ಯಾವ ದಾರಿಯಿಂದ ಹೊರಗೆ ಹೋಗುತ್ತದೆ ಎಂಬ ನಾಲ್ಕು ಸಂಗತಿಗಳು ತಿಳಿದರೆ ಪಟ್ಟಿಯ ಅರ್ಧ ತಾನಾಗಿಯೇ ಅರ್ಥವಾಗುತ್ತದೆ. ಎದೆನೋವು ಬಂದವರಿಗೆ ಸಾರ್ಬಿಟ್ರೇಟ್ ಗುಳಿಗೆಯನ್ನು ನಾಲಿಗೆಯ ಕೆಳಗೆ ಇಡಿಸುತ್ತಾರೆ. ಏಕೆ? ನುಂಗಿದ ಔಷಧವು ಕರುಳಿನಿಂದ ಮೊದಲು ಯಕೃತ್ತಿಗೆ ಹೋಗುತ್ತದೆ. ಯಕೃತ್ತು ಅದರ ಬಹುಭಾಗವನ್ನು ಅಲ್ಲೇ ಒಡೆದುಬಿಡುತ್ತದೆ. ನಾಲಿಗೆಯ ಕೆಳಗಿನ ತೆಳುಚರ್ಮದಿಂದಾದರೆ ನೇರವಾಗಿ ರಕ್ತಕ್ಕೆ ಸೇರಿ ಕೆಲವೇ ನಿಮಿಷಗಳಲ್ಲಿ ಕೆಲಸ ಮಾಡುತ್ತದೆ. ಈ ಕಾರಣ ತಿಳಿದವಳು ಗಾಬರಿಯಲ್ಲಿರುವ ರೋಗಿಗೆ ನೀರು ಕುಡಿಸಿ ಅದನ್ನು ನುಂಗಿಸುವುದಿಲ್ಲ. ಕಾರಣ ತಿಳಿಯದವಳು ಪುಸ್ತಕದ ಸಾಲನ್ನು ಮರೆತ ದಿನ ನುಂಗಿಸಬಹುದು.

ಇನ್ನೊಂದು ಉದಾಹರಣೆ. ರಕ್ತದೊತ್ತಡಕ್ಕೆ ಉಪಕೇಂದ್ರಗಳಲ್ಲಿ ಕೊಡುವ ಆಮ್ಲೋಡಿಪಿನ್ ನಿಧಾನದ ಔಷಧ. ಅದರ ಅರ್ಧಭಾಗ ಮೈಯಿಂದ ಹೊರಹೋಗಲು 30ರಿಂದ 50 ತಾಸು ಹಿಡಿಯುತ್ತದೆ. ಅದಕ್ಕೇ ದಿನಕ್ಕೊಂದು ಗುಳಿಗೆ ಸಾಕು, ಅದರ ಪೂರ್ಣ ಪರಿಣಾಮ ಕಾಣಲು ಒಂದು ವಾರವೋ ಇನ್ನೂ ಸ್ವಲ್ಪ ಹೆಚ್ಚೋ ಬೇಕಾಗುವುದೂ ಅದಕ್ಕೇ. ಪ್ಯಾರಸಿಟಮಾಲಿನ ಅರ್ಧ ಎರಡು ಮೂರು ತಾಸಿನಲ್ಲಿ ಹೋಗುತ್ತದೆ. ಹಾಗಾಗಿ ಜ್ವರವು ಮರುಕಳಿಸಿದರೆ ನಾಲ್ಕರಿಂದ ಆರು ತಾಸಿಗೆ ಮತ್ತೆ ಕೊಡಬೇಕಾಗುತ್ತದೆ. "ಎರಡು ದಿನ ನುಂಗೀನಿ, ಬಿ.ಪಿ. ಇಳಿದಿಲ್ರಿ, ಗುಳಗಿ ಬಿಟ್ಟೀನಿ" ಎಂದು ಹೇಳುವ ರೈತನಿಗೆ ಗದರಿಸಿದರೆ ಪ್ರಯೋಜನವಿಲ್ಲ. ಔಷಧ ತುಂಬಿಕೊಳ್ಳಲು ಎಂಟು ದಿನ ಬೇಕು ಕಾಕಾ, ಕೆರೆಗೆ ನೀರು ಒಂದೇ ಮಳೆಗೆ ಬರುವುದಿಲ್ಲವಲ್ಲ ಎಂದು ತಿಳಿಹೇಳಲು ಆ ಹುಡುಗಿಗೆ ಒಳಗಿನ ಕಾರಣ ಗೊತ್ತಿರಬೇಕು.

ಕಬ್ಬಿಣದ ಗುಳಿಗೆಯ ಕಥೆಯನ್ನು ಎಲ್ಲರೂ ಬಲ್ಲಿರಿ. 2019ರಿಂದ 2021ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಗರ್ಭಿಣಿಗೆ 180 ದಿನ, ಹೆರಿಗೆಯ ಬಳಿಕ ಇನ್ನೂ 180 ದಿನ ಕೆಂಪು ಗುಳಿಗೆ ಕೊಡಬೇಕೆಂಬುದು ಸರ್ಕಾರದ ಕಾರ್ಯಕ್ರಮ. ಒಂದೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಗುಳಿಗೆ ಮನೆಗೆ ತಲುಪುತ್ತದೆ, ಹೊಟ್ಟೆಗೆ ತಲುಪುವುದಿಲ್ಲ. ಮಲ ಕಪ್ಪಾಯಿತೆಂದು ಅತ್ತೆ ಹೆದರಿ ನಿಲ್ಲಿಸುತ್ತಾಳೆ. ವಾಂತಿ ಬಂದಂತಾಯಿತೆಂದು ಸೊಸೆ ಬಿಡುತ್ತಾಳೆ. ನುಂಗಿದವಳು ಚಹಾದೊಡನೆ ನುಂಗುತ್ತಾಳೆ. ಚಹಾದಲ್ಲಿರುವ ಅಂಶವು ಕಬ್ಬಿಣವನ್ನು ಹಿಡಿದಿಟ್ಟು ರಕ್ತಕ್ಕೆ ಹೋಗಗೊಡುವುದಿಲ್ಲ. ಕ್ಯಾಲ್ಸಿಯಂ ಗುಳಿಗೆಯನ್ನು ಅದರ ಜೊತೆಗೇ ನುಂಗಿದರೂ ಕಬ್ಬಿಣ ಸರಿಯಾಗಿ ಹೀರಲ್ಪಡದು; ಎರಡರ ನಡುವೆ ಎರಡು ತಾಸಿನ ಅಂತರವಿರಬೇಕು. ಕಪ್ಪು ಮಲವು ಹೀರದೆ ಉಳಿದ ಕಬ್ಬಿಣದ ಬಣ್ಣ, ಭಯಪಡಬೇಕಿಲ್ಲ ಎಂಬ ಒಂದು ಮಾತನ್ನು ಗುಳಿಗೆ ಕೊಡುವಾಗಲೇ ಹೇಳಿದ್ದರೆ ಎಷ್ಟೋ ಮನೆಗಳಲ್ಲಿ ಆ ಹಾಳೆಗಳು ಗೂಡಿನಲ್ಲಿ ಧೂಳು ತಿನ್ನುತ್ತಿರಲಿಲ್ಲ.

ಇನ್ನು ಲೆಕ್ಕದ ಮಾತು. ನರ್ಸಿಂಗ್ ವಿದ್ಯಾರ್ಥಿನಿಯರು ಅತಿ ಹೆಚ್ಚು ಅಂಜುವುದು ಇಲ್ಲಿ, ಅತಿ ಹೆಚ್ಚು ಅಪಾಯವಿರುವುದೂ ಇಲ್ಲಿಯೇ. ಹತ್ತು ಕಿಲೋ ತೂಕದ ಕೂಸಿಗೆ ಜ್ವರಕ್ಕೆ 150 ಮಿಲಿಗ್ರಾಂ ಪ್ಯಾರಸಿಟಮಾಲ್ ಕೊಡಬೇಕಾಗಿದೆಯೆನ್ನಿ. ಕಿಲೋಗೆ 15 ಮಿಲಿಗ್ರಾಮಿನ ಲೆಕ್ಕವದು. ಅಂಗಡಿಯಲ್ಲಿ 5 ಮಿಲಿ ಲೀಟರಿಗೆ 125 ಮಿಲಿಗ್ರಾಂ ಇರುವ ಬಾಟಲಿ ಸಿಗುತ್ತದೆ, 250 ಮಿಲಿಗ್ರಾಂ ಇರುವ ಬಾಟಲಿಯೂ ಸಿಗುತ್ತದೆ, ಒಂದೇ ಮಿಲಿ ಲೀಟರಿಗೆ 100 ಮಿಲಿಗ್ರಾಂ ಇರುವ ಹನಿಗಳ ಚಿಕ್ಕ ಸೀಸೆಯೂ ಸಿಗುತ್ತದೆ. ಮೊದಲನೆಯದರಲ್ಲಿ 6 ಮಿಲಿ ಲೀಟರ್, ಎರಡನೆಯದರಲ್ಲಿ 3, ಹನಿಗಳಲ್ಲಿ ಒಂದೂವರೆ. ಮೂರರ ಮೇಲೂ ಬರೆದಿರುವುದು ಪ್ಯಾರಸಿಟಮಾಲ್ ಎಂದೇ. ತಾಯಿಗೆ ಒಂದು ಚಮಚ ಕುಡಿಸವ್ವಾ ಎಂದು ಹೇಳಿ ಕಳಿಸಿ, ಆಕೆ ಮನೆಯಲ್ಲಿದ್ದ ಹನಿಗಳ ಸೀಸೆಯಿಂದ ಚಮಚ ತುಂಬಿ ಕುಡಿಸಿದರೆ ಕೂಸಿನ ಹೊಟ್ಟೆಗೆ 500 ಮಿಲಿಗ್ರಾಂ ಹೋಯಿತು. ಮಾಡಬೇಕಾದದ್ದರ ಮೂರು ಪಟ್ಟಿಗಿಂತ ಹೆಚ್ಚು. ಅದನ್ನು ಮೂರು ನಾಲ್ಕು ಸಲ ಕೊಟ್ಟರೆ ಎಳೆಯ ಯಕೃತ್ತು ತಡೆಯಲಾರದು. ಮಕ್ಕಳ ಕೆಮ್ಮು ನೆಗಡಿಯ ಔಷಧಗಳಲ್ಲಿಯೂ ಇಂಥ ಎಚ್ಚರ ಬೇಕು. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಕೂಡಿಸಿದ ಸಿರಪ್ಪನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ 2023ರ ಡಿಸೆಂಬರಿನಲ್ಲಿ ಸೂಚಿಸಿದೆ.

ಇನ್ಸುಲಿನ್ನಿನ ಲೆಕ್ಕ ಇದಕ್ಕಿಂತ ನಾಜೂಕಾದದ್ದು. ನಮ್ಮಲ್ಲಿ ಸೀಸೆಯಲ್ಲಿ ಬರುವ ಇನ್ಸುಲಿನ್ ಸಾಮಾನ್ಯವಾಗಿ ಒಂದು ಮಿಲಿ ಲೀಟರಿಗೆ 40 ಯೂನಿಟ್ಟಿನದು, ಅದಕ್ಕೆ ಕೆಂಪು ಟೋಪಿಯ ಸಿರಿಂಜು. ಪೆನ್ನಿನಲ್ಲಿ ಹಾಕುವ ಕೊಳವೆಯಲ್ಲಿರುವುದು 100 ಯೂನಿಟ್ಟಿನದು. 100ರ ಸಿರಿಂಜಿಗೆ ಕಿತ್ತಳೆ ಬಣ್ಣದ ಟೋಪಿ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಮಕ್ಕಳು ಕೊಲ್ಲಿ ದೇಶಗಳಲ್ಲಿ ದುಡಿಯುತ್ತಾರೆ. ತಂದೆತಾಯಿಗೆಂದು ಅಲ್ಲಿಂದ 100ರ ಸೀಸೆ ತಂದುಕೊಡುವುದುಂಟು. ಪೆನ್ನು ಕೆಟ್ಟಾಗ ಕೊಳವೆಯಿಂದಲೇ ಸಿರಿಂಜಿಗೆ ಎಳೆದುಕೊಳ್ಳುವುದೂ ಉಂಟು. 100ರ ಔಷಧವನ್ನು 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 20 ಯೂನಿಟ್ ಅಲ್ಲ, 50. ರಾತ್ರಿ ಮಲಗಿದ ಅಜ್ಜಿ ಬೆವತು, ನಡುಗಿ, ಬೆಳಗಿನ ಹೊತ್ತಿಗೆ ಪ್ರಜ್ಞೆಯಿಲ್ಲದೆ ಬಿದ್ದಿರಲು ಇಷ್ಟು ಸಾಕು. ತಿರುಗುಮುರುಗಾದರೆ, ಅಂದರೆ 40ರ ಔಷಧವನ್ನು 100ರ ಸಿರಿಂಜಿನಲ್ಲಿ ಎಳೆದರೆ, 20ರ ಗೆರೆಯಲ್ಲಿ ಸಿಗುವುದು 8 ಯೂನಿಟ್ ಮಾತ್ರ. ಶುಗರು ಏಕೆ ಇಳಿಯುತ್ತಿಲ್ಲವೆಂದು ಮನೆಯವರು ಊಟವನ್ನು ದೂರುತ್ತಾ ಕೂಡುತ್ತಾರೆ. ಇಷ್ಟನ್ನು ಗುಣಾಕಾರ ಭಾಗಾಕಾರ ಬಲ್ಲ ಯಾವ ಹುಡುಗಿಯೂ ಒಂದು ಮಧ್ಯಾಹ್ನದಲ್ಲಿ ಕಲಿಯಬಲ್ಲಳು. ಕಲಿಸುವವರು ಸೀಸೆಯನ್ನೂ ಎರಡು ಸಿರಿಂಜನ್ನೂ ಮೇಜಿನ ಮೇಲೆ ತಂದಿಡಬೇಕು.

ಸಲಾಯಿನ್ ಹಚ್ಚುವುದರಲ್ಲಿಯೂ ಲೆಕ್ಕವಿದೆ. ಸಾಮಾನ್ಯ ಕೊಳವೆಯಲ್ಲಿ 20 ಹನಿಗೆ ಒಂದು ಮಿಲಿ ಲೀಟರ್; 500 ಮಿಲಿ ಲೀಟರನ್ನು ನಾಲ್ಕು ತಾಸಿನಲ್ಲಿ ಕೊಡಬೇಕಾದರೆ ನಿಮಿಷಕ್ಕೆ ಸುಮಾರು 42 ಹನಿ. ಬೇಗ ಮುಗಿಯಲಿ, ಬಸ್ಸು ತಪ್ಪುತ್ತದೆ ಎಂದು ಹನಿಯ ಚಕ್ರವನ್ನು ತಾವೇ ತಿರುಗಿಸುವ ಬಂಧುಗಳನ್ನು ನಾವು ನೋಡಿಲ್ಲವೇ? ಹೃದಯ ಸೋತಿರುವ ರೋಗಿಗೆ ಆ ಅವಸರ ಉಸಿರಾಟಕ್ಕೇ ಎರವಾಗಬಲ್ಲದು.

ಹೆರಿಗೆ ಕೋಣೆಯ ಮಾತಿಗೆ ಬರೋಣ. ಕೂಸು ಹೊರಬಂದ ಒಂದು ನಿಮಿಷದೊಳಗೆ, ಹೊಟ್ಟೆಯಲ್ಲಿ ಇನ್ನೊಂದು ಕೂಸಿಲ್ಲವೆಂದು ಖಚಿತಪಡಿಸಿಕೊಂಡು, ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಸೂಜಿ ಮಾಡುತ್ತಾರೆ. ಗರ್ಭಕೋಶ ಬಿಗಿಯಾಗಿ ಕುಗ್ಗಿ ರಕ್ತಸ್ರಾವ ನಿಲ್ಲುತ್ತದೆ. ಎಷ್ಟು ತಾಯಂದಿರ ಪ್ರಾಣವನ್ನು ಈ ಚಿಕ್ಕ ಸೀಸೆ ಉಳಿಸಿದೆಯೋ ಲೆಕ್ಕವಿಲ್ಲ. ಅದೇ ಔಷಧವನ್ನು ಕೂಸು ಬರುವ ಮೊದಲೇ ಅಳತೆಯಿಲ್ಲದೆ ಸ್ನಾಯುವಿಗೆ ಚುಚ್ಚಿದರೆ ಗರ್ಭಕೋಶ ಬಿಡುವಿಲ್ಲದೆ ಹಿಂಡಿ ಕೂಸಿಗೆ ಪ್ರಾಣವಾಯು ಸಿಗದಂತಾಗುತ್ತದೆ, ಗರ್ಭಕೋಶವೇ ಹರಿಯಬಹುದು. ಆದರೆ ಬಾಗಿಲಾಚೆ ಕುಳಿತ ಹಿರಿಯರು ಏನೆನ್ನುತ್ತಾರೆ? "ಅಕ್ಕಾರs, ಪೋರಿ ಭಾಳ ತ್ರಾಸ ಪಡಲತ್ತಾಳ, ಒಂದು ಸೂಜಿ ಮಾಡ್ರಿ, ಲಗೂ ಆಗ್ಲಿ." ಇಪ್ಪತ್ತೆರಡು ವರ್ಷದ ಶುಶ್ರೂಷಕಿ, ಎದುರಿಗೆ ಊರಿನ ನಾಲ್ಕು ಮಂದಿ ಹಿರಿಯರು. ಆಕೆ ಬೇಡವೆನ್ನಲು ನಿಯಮದ ಪುಸ್ತಕವೊಂದೇ ಸಾಲದು. ಆ ಔಷಧವು ಒಳಗೆ ಏನು ಮಾಡುತ್ತದೆಯೆಂಬುದು ಕಣ್ಣಿಗೆ ಕಟ್ಟಿದಂತೆ ಗೊತ್ತಿದ್ದರೆ ಮಾತ್ರ ಆಕೆಯ ದನಿ ಗಟ್ಟಿಯಾಗುತ್ತದೆ. ಆಕ್ಸಿಟೋಸಿನ್ನನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿ ಇಡಬೇಕೆಂಬುದನ್ನೂ ಆಕೆ ಅರಿತಿರಬೇಕು. ನಮ್ಮ ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ಕಪಾಟಿನೊಳಗೆ ಬೆಂದ ಆಕ್ಸಿಟೋಸಿನ್ ಸೂಜಿ ಮಾಡಿದರೂ ಮಾಡದಂತೆಯೇ.

ಗರ್ಭಿಣಿಗೆ ರಕ್ತದೊತ್ತಡ ಏರಿ ಫಿಟ್ಸ್ ಬಂದಾಗ ವೈದ್ಯರಿಗೆ ಕಾಯದೆ ಮ್ಯಾಗ್ನೀಸಿಯಂ ಸಲ್ಫೇಟಿನ ಮೊದಲ ಪ್ರಮಾಣವನ್ನು ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳುಹಿಸುವ ಅಧಿಕಾರವನ್ನು ಸರ್ಕಾರದ ಮಾರ್ಗಸೂಚಿಯು ಎ.ಎನ್.ಎಂ.ಗೂ ಕೊಟ್ಟಿದೆ. ಒಂದು ಆಂಪ್ಯೂಲಿನಲ್ಲಿ ಒಂದು ಗ್ರಾಂ; ಒಂದೊಂದು ಕುಂಡಿಗೆ ಐದು ಆಂಪ್ಯೂಲಿನಂತೆ ಒಟ್ಟು ಹತ್ತು. ಹತ್ತು ಆಂಪ್ಯೂಲ್ ಒಡೆಯುವಾಗ ಕೈ ನಡುಗದಿರಲು, ಇಷ್ಟೊಂದೇ ಎಂದು ಶಂಕಿಸಿ ಎರಡಕ್ಕೇ ನಿಲ್ಲಿಸದಿರಲು ಅರಿವು ಬೇಕು. ಮುಂದಿನ ಪ್ರಮಾಣ ಕೊಡುವ ಆಸ್ಪತ್ರೆಯಲ್ಲಿ ಉಸಿರಾಟ ನಿಮಿಷಕ್ಕೆ 16ಕ್ಕಿಂತ ಕಡಿಮೆಯಾಗಿದೆಯೇ, ಮೊಣಕಾಲಿನ ಪ್ರತಿಕ್ರಿಯೆ ಇದೆಯೇ, ಮೂತ್ರ ಸಾಕಷ್ಟು ಬರುತ್ತಿದೆಯೇ ಎಂದು ನೋಡುವುದೂ ಶುಶ್ರೂಷಕಿಯೇ. ಔಷಧ ವಿಷವಾಗುವ ಗಡಿಯನ್ನು ಕಾಯುವ ಮೂರು ಕಾವಲುಗಳವು. ದಾಟಿದರೆ ಪ್ರತಿಮದ್ದಾಗಿ ಕ್ಯಾಲ್ಸಿಯಂ ಗ್ಲುಕೋನೇಟ್ ಪಕ್ಕದಲ್ಲೇ ಇರಬೇಕು.

ನಮ್ಮ ಸದ್ಭಕ್ತರ ಮನೆಗಳಿಗೆ ನೇರವಾಗಿ ಸಂಬಂಧಿಸಿದ ಒಂದು ಸಂಗತಿ. ಶ್ರಾವಣದಲ್ಲಿ, ಸೋಮವಾರಗಳಲ್ಲಿ, ಶಿವರಾತ್ರಿಯಲ್ಲಿ ಹಿರಿಯರು ಉಪವಾಸವಿರುತ್ತಾರೆ. ಊಟ ಬಿಟ್ಟರೂ ಶುಗರಿನ ಗುಳಿಗೆ ಬಿಡಬಾರದೆಂದು ನುಂಗುವವರಿದ್ದಾರೆ. ಊಟವಿಲ್ಲವೆಂದು ಎಲ್ಲ ಗುಳಿಗೆಗಳನ್ನೂ ಬಿಡುವವರೂ ಇದ್ದಾರೆ. ಗ್ಲಿಮೆಪಿರೈಡ್‌ನಂಥ ಗುಳಿಗೆಯು ಊಟವಾಗಿದೆಯೋ ಇಲ್ಲವೋ ನೋಡದೆ ಮೇದೋಜೀರಕದಿಂದ ಇನ್ಸುಲಿನ್ ಹೊರಡಿಸುತ್ತದೆ, ಖಾಲಿ ಹೊಟ್ಟೆಯಲ್ಲಿ ಶುಗರು ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ಮೆಟ್‌ಫಾರ್ಮಿನ್ ಒಂದೇ ಆದರೆ ಹಾಗೆ ಕುಸಿಯುವ ಭಯ ಬಹಳ ಕಡಿಮೆ. ಎರಡೂ ಸಕ್ಕರೆ ಕಾಯಿಲೆಯ ಗುಳಿಗೆಗಳೇ, ನಡತೆ ಮಾತ್ರ ಬೇರೆ. ಉಪವಾಸದ ವಾರ ಮೊದಲೇ ಅಜ್ಜನನ್ನು ವೈದ್ಯರ ಬಳಿಗೆ ಕಳುಹಿಸಿ ಪ್ರಮಾಣ ಬದಲಾಯಿಸಿಕೊಳ್ಳುವಂತೆ ಹೇಳುವವಳು ಯಾರು? ರಮಜಾನಿನಲ್ಲಿ ಪಕ್ಕದ ಓಣಿಯ ಚಾಚಾಗೂ ಇದೇ ಪ್ರಶ್ನೆ.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಶಸ್ತ್ರಚಿಕಿತ್ಸೆಯ ಹೆರಿಗೆಯ ಬಳಿಕ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡದ್ದನ್ನು ನಾಡು ಮರೆತಿಲ್ಲ. ರಕ್ತನಾಳದ ಮೂಲಕ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರವದ ಮೇಲೆ ಶಂಕೆ ಬಿದ್ದು ಸರ್ಕಾರವು ಆ ಸರಬರಾಜಿನ ಬಳಕೆಯನ್ನು ತಡೆಯಿತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತಿನಲ್ಲಿಟ್ಟಿತು. ಬಾಟಲಿಯೊಳಗಿನ ಕಾಣದ ಕಲ್ಮಶವನ್ನು ಶುಶ್ರೂಷಕಿಯ ಕಣ್ಣು ಹಿಡಿಯಲಾರದು. ಆ ಹೊಣೆಯನ್ನು ಆಕೆಯ ತಲೆಗೆ ಕಟ್ಟುವುದು ಅನ್ಯಾಯ. ಆದರೆ ದ್ರವ ಮೋಡವಾಗಿದೆಯೇ, ಚೀಲ ಸೋರುತ್ತಿದೆಯೇ, ತೇಲುವ ಕಣಗಳಿವೆಯೇ ಎಂದು ನೋಡುವುದು, ತಯಾರಿಕೆಯ ತಂಡದ ಸಂಖ್ಯೆಯನ್ನು ಬರೆದಿಡುವುದು, ರೋಗಿಗೆ ಚಳಿನಡುಕ ಬಂದ ಕ್ಷಣ ಹನಿ ನಿಲ್ಲಿಸಿ ಆ ಬಾಟಲಿಯನ್ನು ಬಿಸಾಡದೆ ಎತ್ತಿಡುವುದು, ಇವೆಲ್ಲ ಆಕೆಯ ಕೈಯಲ್ಲಿವೆ. ಔಷಧದ ದುಷ್ಪರಿಣಾಮವನ್ನು ವರದಿ ಮಾಡಲು 2010ರಿಂದ ರಾಷ್ಟ್ರೀಯ ಕಾರ್ಯಕ್ರಮವಿದೆ, 1800-180-3024 ಎಂಬ ಉಚಿತ ದೂರವಾಣಿಯಿದೆ. ವೈದ್ಯರಷ್ಟೇ ಅಲ್ಲದೆ ಶುಶ್ರೂಷಕಿಯರೂ ರೋಗಿಗಳೂ ವರದಿ ಮಾಡಬಹುದು. ಇದು ಎಷ್ಟು ತರಗತಿಗಳಲ್ಲಿ ಹೇಳಲ್ಪಡುತ್ತಿದೆ?

ಇಷ್ಟೆಲ್ಲ ಕಲಿಸಿದರೆ ನರ್ಸಬಾಯಿಯರು ತಾವೇ ವೈದ್ಯರೆಂದುಕೊಂಡು ಊರಲ್ಲಿ ಚಿಕಿತ್ಸೆಗೆ ಇಳಿಯುತ್ತಾರೆಂದು ಕೆಲವು ವೈದ್ಯರು ಆಕ್ಷೇಪಿಸುತ್ತಾರೆ. ಆಕ್ಷೇಪದಲ್ಲಿ ಹುರುಳಿಲ್ಲವೆಂದಲ್ಲ. ಮೈಕೈ ನೋವಿಗೆಂದು ಡೆಕ್ಸಾಮೆಥಾಸೋನಿನಂಥ ಸ್ಟೀರಾಯ್ಡ್ ಸೂಜಿ ಮಾಡಿ ಒಂದೇ ದಿನದಲ್ಲಿ ಹೆಸರು ಗಳಿಸುವ ಅರೆಬರೆ ವೈದ್ಯರು ನಮ್ಮ ಸುತ್ತ ಇದ್ದೇ ಇದ್ದಾರೆ. ತಿಂಗಳುಗಟ್ಟಲೆ ಹಾಗೆ ಮಾಡಿಸಿಕೊಂಡವರ ಮುಖ ಊದಿ, ಶುಗರು ಏರಿ, ಎಲುಬು ಟೊಳ್ಳಾದದ್ದನ್ನೂ ನಾವು ಕಂಡಿದ್ದೇವೆ. ಆದರೆ ಅವರನ್ನು ಹಾಗೆ ಮಾಡಿಸಿದ್ದು ಔಷಧಶಾಸ್ತ್ರದ ಓದಲ್ಲ, ಅದರ ಅಭಾವ. ಓದಿದವಳಿಗೆ ತನ್ನ ಗಡಿ ತಿಳಿಯುತ್ತದೆ. ಹಾಳೆಯ ಮೇಲಿನ ಕೆಂಪು ಗೆರೆ ಕಂಡೊಡನೆ ಇದು ವೈದ್ಯರ ಚೀಟಿಯಿಲ್ಲದೆ ಕೊಡತಕ್ಕದ್ದಲ್ಲವೆಂದು ಆಕೆ ಅರಿಯುತ್ತಾಳೆ. ಸೂಜಿ ಮಾಡುವ ಮೊದಲು ಆಡ್ರಿನಲಿನ್ ಕೈಗೆಟುಕುವಲ್ಲಿ ಇದೆಯೇ ಎಂದು ನೋಡುತ್ತಾಳೆ, ಇಲ್ಲದಿದ್ದರೆ ಸೂಜಿಯನ್ನೇ ಮುಟ್ಟುವುದಿಲ್ಲ. ರಜೆಗೆ ಊರಿಗೆ ಬಂದಾಗ ಚಿಕ್ಕಪ್ಪನು ಮನೆಯಲ್ಲೇ ಒಂದು ಸೂಜಿ ಮಾಡೆಂದು ಕೂತರೆ ಆಕೆ ಬೇಡವೆನ್ನಬಲ್ಲಳು.

ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ವೇಳೆ ಎಂಬ ಐದು ಸೂತ್ರಗಳನ್ನು ಪ್ರತಿ ನರ್ಸಿಂಗ್ ಶಾಲೆಯೂ ಬಾಯಿಪಾಠ ಮಾಡಿಸುತ್ತದೆ. ಒಳ್ಳೆಯದು. ಆದರೆ ಆರನೆಯದೊಂದು ಬೇಕು, ಈ ಔಷಧ ಈ ರೋಗಿಗೆ ಏಕೆ ಎಂಬ ಪ್ರಶ್ನೆ. ಅದನ್ನು ಕೇಳಿಕೊಳ್ಳಲು ಭಾಷೆ ಅಡ್ಡ ಬರುತ್ತದೆ. ನಮ್ಮ ಹುಡುಗಿಯರಲ್ಲಿ ಬಹುಪಾಲು ಮಂದಿ ಕನ್ನಡ ಮಾಧ್ಯಮದಿಂದ ಬಂದವರು. ಮನೆಯಲ್ಲಿ ಕನ್ನಡದ ಜೊತೆಗೆ ಮರಾಠಿ, ಉರ್ದು, ತೆಲುಗು ಆಡುವವರು. ಔಷಧದ ಹೆಸರು, ಸೀಸೆಯ ಮೇಲಿನ ಅಕ್ಷರ ಇಂಗ್ಲಿಷಿನಲ್ಲೇ ಇರಲಿ, ಅದನ್ನು ತಪ್ಪಿಲ್ಲದೆ ಓದುವುದನ್ನು ಕಲಿಯಲೇಬೇಕು. ಆದರೆ ಯಕೃತ್ತು ಏನು ಮಾಡುತ್ತದೆ, ಮೂತ್ರಪಿಂಡ ಸೋತರೆ ಔಷಧ ಏಕೆ ಮೈಯಲ್ಲೇ ಉಳಿಯುತ್ತದೆ ಎಂಬುದನ್ನು ಕನ್ನಡದಲ್ಲಿ ಹೇಳಿದರೆ ಯಾವ ಶಾಸ್ತ್ರವೂ ಕುಂದುವುದಿಲ್ಲ. ಆಕೆ ನಾಳೆ ಅದನ್ನು ಅಜ್ಜಿಗೆ ಹೇಳಬೇಕಾದದ್ದೂ ಕನ್ನಡದಲ್ಲಿಯೇ ಅಲ್ಲವೇ?

ನಮ್ಮ ಭಾಗದಲ್ಲಿ ಮಠಮಾನ್ಯಗಳ ಆಶ್ರಯದಲ್ಲಿಯೂ ನರ್ಸಿಂಗ್ ಶಿಕ್ಷಣ ನಡೆಯುತ್ತಿದೆ. ಅವುಗಳ ಆಡಳಿತದವರಲ್ಲಿ ನನ್ನ ವಿನಂತಿ ದೊಡ್ಡದೇನಲ್ಲ. ಎ.ಎನ್.ಎಂ. ಮಕ್ಕಳಿಗೆ ನೂರಾರು ಔಷಧಗಳ ಪಟ್ಟಿಯ ಬದಲು ಉಪಕೇಂದ್ರದಲ್ಲಿ ನಿಜವಾಗಿ ಕೈಗೆ ಸಿಗುವ ಔಷಧಗಳನ್ನಷ್ಟೇ ಆರಿಸಿ, ಒಂದೊಂದರ ಖಾಲಿ ಪೆಟ್ಟಿಗೆ, ಹಾಳೆ, ಸೀಸೆಯನ್ನು ತರಗತಿಗೆ ತರಲಿ. ವಾರಕ್ಕೊಂದು ತಾಸು ಬರೀ ಲೆಕ್ಕ ಮಾಡಿಸಲಿ. ಮೌಖಿಕ ಪರೀಕ್ಷೆಯಲ್ಲಿ ವ್ಯಾಖ್ಯೆ ಕೇಳುವುದನ್ನು ಬಿಟ್ಟು, ಕೂಸಿನ ತೂಕ ಹೇಳಿ ಕೈಗೊಂದು ಬಾಟಲಿ ಕೊಟ್ಟು ಎಷ್ಟು ಮಿಲಿ ಲೀಟರ್ ಎಂದು ಕೇಳಲಿ. ಉತ್ತರ ತಪ್ಪಿದವಳಿಗೆ ನಾಚಿಕೆಯಾಗದಂತೆ ಮತ್ತೆ ಕಲಿಸಲಿ. ಆದರೆ ಸರಿಯಾಗಿ ಹೇಳುವವರೆಗೆ ತೇರ್ಗಡೆ ಮಾಡದಿರಲಿ.

ಓದುಗ ಬಂಧುಗಳ ಪಾಲಿಗೂ ಸ್ವಲ್ಪ ಕೆಲಸವಿದೆ. ಮನೆಯ ಹಿರಿಯರ ಎಲ್ಲ ಚೀಟಿಗಳನ್ನೂ ಗುಳಿಗೆಯ ಹಾಳೆಗಳನ್ನೂ ಒಂದೇ ಚೀಲದಲ್ಲಿ ಹಾಕಿ, ಯಾವ ದವಾಖಾನೆಗೆ ಹೋದರೂ ಆ ಚೀಲ ಜೊತೆಗಿರಲಿ. ಹಾಳೆಯಿಂದ ಗುಳಿಗೆ ಕತ್ತರಿಸುವಾಗ ಹೆಸರಿರುವ ತುದಿಯನ್ನು ಕೊನೆಗೆ ಉಳಿಸಿಕೊಳ್ಳಿ. ಬೇರು, ಸೊಪ್ಪು, ಚೂರ್ಣ ಏನಾದರೂ ಸೇವಿಸುತ್ತಿದ್ದರೆ ಸಂಕೋಚವಿಲ್ಲದೆ ಹೇಳಿ. ಯಾವ ಔಷಧ ಮೊದಲು ಮೈಗೆ ಒಗ್ಗಿರಲಿಲ್ಲವೋ ಅದರ ಹೆಸರನ್ನು ಚೀಟಿಯ ಮೇಲ್ಭಾಗದಲ್ಲಿ ಬರೆಯಿಸಿ. ಸೂಜಿ ಮಾಡುವ ಮೊದಲು ಶುಶ್ರೂಷಕಿಯು ನಿಮ್ಮ ಹೆಸರನ್ನು ಮತ್ತೊಮ್ಮೆ ಕೇಳಿದರೆ, ನಿನ್ನೆಯೂ ನೋಡಿದ್ದಾಳೆ, ಇಂದು ಗುರುತಿಲ್ಲವೇ ಎಂದು ಸಿಟ್ಟಾಗಬೇಡಿ. ಹೆಸರು ಹೇಳಿ, ಇದು ಯಾವ ಔಷಧ, ಯಾವುದಕ್ಕೆ ತಾಯಿ ಎಂದು ನೀವೂ ಕೇಳಿ.